ಬೆಕ್ಕು ಬಾಯಿ ಹಾಕಿದ ಹಾಲು

ಕಾಯಿಸಿ ಆರಲು ಇಟ್ಟ ಹಾಲಿನ ಮೇಲೆ ಕೆನೆ ಕಟ್ಟಿದೆ. ಒಂದು ಅಂಚಿನಲ್ಲಿ ಮಾತ್ರ ಅದು ಹರಿದು ಪಾತ್ರೆಯ ಕಂಠಕ್ಕೆ ಅಂಟಿಕೊಂಡಿದೆ. ಒಲೆಕಟ್ಟೆಯ ಮೇಲೆ ಎರಡು ಒದ್ದೆ ಹೆಜ್ಜೆ. ಬೆಕ್ಕು ಕಿಟಕಿಯಲ್ಲಿ ಕೂತು ಮೂತಿ ಒರೆಸಿಕೊಳ್ಳುತ್ತಿದೆ. ಪಾತ್ರೆಯಲ್ಲಿರುವುದು ಒಂದು ಲೀಟರ್ ಹಾಲು, ಅದು ಕುಡಿದಿರುವುದು ಒಂದು ಚಮಚವೋ ಎರಡು ಚಮಚವೋ. ಚೆಲ್ಲಬೇಕೇ, ಇನ್ನೊಂದು ಕುದಿ ಕುದಿಸಿದರೆ ಸಾಕೇ?

ನಮ್ಮಲ್ಲಿ ಇದಕ್ಕೆ ಒಂದೇ ಮಾತಿನ ಉತ್ತರ ಮೊದಲಿಂದಲೂ ಇದೆ: ಎಂಜಲು. ಎಂಜಲಾದದ್ದನ್ನು ಎಷ್ಟು ಕುದಿಸಿದರೂ ಅದು ಎಂಜಲೇ. ಮನಸ್ಸು ಒಪ್ಪದಿದ್ದರೆ ಚೆಲ್ಲುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಸೂಕ್ಷ್ಮಜೀವಿಗಳ ಲೆಕ್ಕ ಬೇರೆ. ಅಲ್ಲಿ ಕೇಳಬೇಕಾದದ್ದು ಬೆಕ್ಕು ಬಾಯಿ ಹಾಕಿತೇ ಎಂದಷ್ಟೇ ಅಲ್ಲ. ಆ ನಾಲಿಗೆ ಅದಕ್ಕೂ ಮೊದಲು ಎಲ್ಲಿತ್ತು, ಆಮೇಲೆ ಹಾಲು ಎಷ್ಟು ಹೊತ್ತು ಹಾಗೇ ಕೂತಿತ್ತು ಎಂಬುದೇ ಮುಖ್ಯ.

ಮೊದಲು ನಾಲಿಗೆಯನ್ನೇ ನೋಡೋಣ. ಬೆಕ್ಕು ಹಾಲು ಕುಡಿಯುವುದನ್ನು ಅಮೆರಿಕದ ಸಂಶೋಧಕರು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2010ರಲ್ಲಿ ವಿವರಿಸಿದರು. ಬೆಕ್ಕು ನಾಲಿಗೆಯನ್ನು ಹಾಲಿನೊಳಗೆ ಅದ್ದುವುದೇ ಇಲ್ಲ. ತುದಿಯನ್ನು ಹಿಂದಕ್ಕೆ ಮಡಚಿ ಹಾಲಿನ ಮೈಗೆ ತಾಗಿಸಿ ಸರಕ್ಕನೆ ಮೇಲಕ್ಕೆಳೆಯುತ್ತದೆ. ಅಂಟಿದ ಹಾಲು ತೆಳ್ಳನೆಯ ಕಂಬದಂತೆ ಮೇಲೇಳುತ್ತದೆ, ಅದು ಕುಸಿಯುವ ಮೊದಲೇ ಬೆಕ್ಕು ಬಾಯಿ ಮುಚ್ಚಿಬಿಡುತ್ತದೆ. ಸೆಕೆಂಡಿಗೆ ಸುಮಾರು ನಾಲ್ಕು ಬಾರಿ, ಒಂದೊಂದು ಬಾರಿಗೆ ಹತ್ತಿರ ಹತ್ತಿರ 0.14 ಮಿಲಿಲೀಟರ್. ಅರ್ಧ ನಿಮಿಷ ಕುಡಿದರೆ ಒಂದು ದೊಡ್ಡ ಚಮಚದಷ್ಟು ಹಾಲು ಖಾಲಿ. ನಾಯಿಗೆ ಈ ನಾಜೂಕು ಇಲ್ಲ. ಅದು ನಾಲಿಗೆಯನ್ನು ಸೌಟಿನ ಹಾಗೆ ಹಿಂದಕ್ಕೆ ಬಾಗಿಸಿ ಹಾಲಿನೊಳಕ್ಕೇ ಬಡಿಯುತ್ತದೆ. ಸೌಟಿಗೆ ಬಂದದ್ದರಲ್ಲಿ ಬಹುಪಾಲು ಜೊಲ್ಲಿನ ಸಮೇತ ಪಾತ್ರೆಗೇ ವಾಪಸು. ಒಂದೇ ಪಾತ್ರೆಗೆ ಎರಡೂ ಬಾಯಿ ಹಾಕಿದರೆ ನಾಯಿ ಬಿಟ್ಟುಹೋಗುವ ಜೊಲ್ಲೇ ಹೆಚ್ಚು.

ಗಟ್ಟಿ ಪದಾರ್ಥವಾದರೆ ಬೆಕ್ಕೂ ಅಷ್ಟು ನಾಜೂಕಲ್ಲ. ಅದರ ನಾಲಿಗೆ ಕೈಗೆ ಉಪ್ಪುಕಾಗದದಂತೆ ತಾಗುವುದು ಹಿಮ್ಮುಖವಾಗಿ ಬಾಗಿದ ಮುಳ್ಳುಗಳಿಂದ. ಆ ಮುಳ್ಳುಗಳ ತುದಿ ಟೊಳ್ಳು, ಅದರಲ್ಲಿ ಜೊಲ್ಲು ನಿಲ್ಲುತ್ತದೆ. ಮೈನೆಕ್ಕುವಾಗ ಜೊಲ್ಲನ್ನು ಕೂದಲ ಬುಡದವರೆಗೆ ತಲುಪಿಸುವ ಏರ್ಪಾಡು ಅದು. ಬೆಣ್ಣೆಯನ್ನೋ ಕರಿದ ಮೀನನ್ನೋ ನೆಕ್ಕಿದಾಗಲೂ ಅದೇ ಮುಳ್ಳುಗಳು ಕೆರೆದು ಒದ್ದೆ ಮಾಡುತ್ತವೆ.

ಇನ್ನು ಜೊಲ್ಲಿನಲ್ಲಿ ಏನಿದೆ? ‘ನಾಯಿಯ ಬಾಯಿ ನಮ್ಮ ಬಾಯಿಗಿಂತ ಶುದ್ಧ’ ಎನ್ನುವ ಮಾತನ್ನು ನಂಬಬೇಡಿ. ಎರಡೂ ಕಡೆ ಬ್ಯಾಕ್ಟೀರಿಯಗಳು ತುಂಬಿವೆ, ಜಾತಿ ಬೇರೆ ಅಷ್ಟೆ. ಆರೋಗ್ಯವಾಗಿರುವ ಬೆಕ್ಕುಗಳಲ್ಲಿ ಹೆಚ್ಚಿನವುಗಳ ಬಾಯಲ್ಲೇ ಪಾಶ್ಚರೆಲ್ಲ ಎಂಬ ಬ್ಯಾಕ್ಟೀರಿಯ ವಾಸವಾಗಿರುತ್ತದೆ. ಹೆಸರು ಲೂಯಿ ಪಾಶ್ಚರ್ ಅವರದೇ. ನಾಯಿಗಳ ಬಾಯಲ್ಲಿ ಕ್ಯಾಪ್ನೊಸೈಟೊಫೇಗ ಎನ್ನುವುದು ಸಾಮಾನ್ಯ. ಎರಡೂ ಅಪಾಯಕಾರಿಗಳೇ, ಆದರೆ ಅವುಗಳ ದಾರಿ ಗಾಯ. ಕಚ್ಚಿದಾಗ, ಪರಚಿದಾಗ, ಹಸಿ ಗಾಯವನ್ನು ನೆಕ್ಕಿದಾಗ ಅವು ರಕ್ತಕ್ಕೆ ಇಳಿಯುತ್ತವೆ. ಅನ್ನದ ಜೊತೆ ಹೊಟ್ಟೆಗೆ ಹೋದರೆ ಜಠರದ ಆಮ್ಲಕ್ಕೆ ಸಿಕ್ಕಿ ಬಹುತೇಕ ಅಲ್ಲೇ ಮುಗಿಯುತ್ತವೆ. ಹೀಗಾಗಿ ಬಾಯಲ್ಲೇ ಹುಟ್ಟಿ ಬೆಳೆದ ಬ್ಯಾಕ್ಟೀರಿಯಗಳಿಗಿಂತ, ಬೇರೆಲ್ಲಿಂದಲೋ ಬಾಯಿಗೆ ಬಂದವುಗಳದ್ದೇ ನಿಜವಾದ ತಲೆನೋವು.

ಬೇರೆಲ್ಲಿಂದ? ನಾಯಿ ಬೆಕ್ಕುಗಳು ತಮ್ಮ ಹಿಂಭಾಗವನ್ನು ನಾಲಿಗೆಯಿಂದಲೇ ಶುಚಿ ಮಾಡಿಕೊಳ್ಳುತ್ತವೆ. ಕರುಳಿನಲ್ಲಿ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಇದ್ದರೆ ಅವು ನಾಲಿಗೆಗೆ, ನಾಲಿಗೆಯಿಂದ ತಟ್ಟೆಗೆ ಬರುವುದು ಈ ದಾರಿಯಲ್ಲಿ. ಎರಡೂ ನಮ್ಮಲ್ಲಿ ವಾಂತಿಭೇದಿ ತರುತ್ತವೆ. ಕೋಳಿ ಅಂಗಡಿಯ ತಲೆ, ಕಾಲು, ಕರುಳನ್ನು ಹಸಿಯಾಗಿಯೇ ಹಾಕುವ ಮನೆಗಳಲ್ಲಿ ಇದರ ಸಂಭವ ಹೆಚ್ಚು. ಅದನ್ನೇ ಬೇಯಿಸಿ ಮೂಳೆ ತೆಗೆದು ಹಾಕಿದರೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ.

ಜಂತುಗಳ ವಿಷಯದಲ್ಲಿ ಹೆದರಿಕೆ ಹೆಚ್ಚು, ತಿಳಿವಳಿಕೆ ಕಡಿಮೆ. ನಾಯಿಯ ದುಂಡುಹುಳುವಿನ ಮೊಟ್ಟೆ ಮಲದಲ್ಲಿ ಹೊರಬಿದ್ದ ಕೂಡಲೇ ಸೋಂಕು ತರುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಪಕ್ವವಾಗಬೇಕು. ಬೆಕ್ಕಿನಿಂದ ಬರುವ ಟಾಕ್ಸೊಪ್ಲಾಸ್ಮ ಎಂಬ ಏಕಕೋಶ ಪರಾವಲಂಬಿಗೂ ಹೀಗೇ ಒಂದರಿಂದ ಐದು ದಿನ ಬೇಕು. ಇವೆರಡಕ್ಕೂ ನೆಕ್ಕಿದ ತಟ್ಟೆಗಿಂತ ಅಂಗಳದ ಮಣ್ಣು, ತೊಳೆಯದ ಸೊಪ್ಪು, ಬೇಯದ ಮಾಂಸವೇ ದೊಡ್ಡ ದಾರಿ. ನಿಜವಾಗಿ ಎಚ್ಚರ ಬೇಕಾದದ್ದು ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಬಗ್ಗೆ. ಇದರ ಮೊಟ್ಟೆ ಹೊರಬಿದ್ದ ಕ್ಷಣದಿಂದಲೇ ಸೋಂಕು ತರಬಲ್ಲದು. ಹೊಟ್ಟೆಗೆ ಹೋದರೆ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಗಡ್ಡೆಯಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಕುರಿ ಕೊಯ್ದ ಜಾಗದಲ್ಲಿ ಬಿಸಾಡಿದ ಪಿತ್ತಜನಕಾಂಗ, ಶ್ವಾಸಕೋಶ ತಿಂದ ನಾಯಿಗೆ ಈ ಹುಳು ಅಂಟುತ್ತದೆ. ನಿಮ್ಮ ನಾಯಿ ಅಂಥ ಕಡೆ ಅಲೆಯುವುದಾದರೆ ಅದು ನೆಕ್ಕಿದ್ದನ್ನು ತಿನ್ನಬೇಡಿ. ಸಾಮಾನ್ಯ ಜಂತಿನ ಮಾತ್ರೆಗಳೆಲ್ಲ ಇದಕ್ಕೆ ಸಾಲವು, ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಬೇಕೆಂದು ಪಶುವೈದ್ಯರಲ್ಲಿ ಕೇಳಿ.

ಇಷ್ಟು ನಾಲಿಗೆಯ ಕಥೆ. ಉಳಿದದ್ದು ಗಡಿಯಾರದ್ದು. ಐದರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಗಳು ಬೆಳೆಯುತ್ತವೆ. ಅನುಕೂಲವಾದ ಬಿಸುಪಿನಲ್ಲಿ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲವು. ನೂರು ಬಿದ್ದಿದ್ದರೆ ಎರಡು ಗಂಟೆಯಲ್ಲಿ 6,400, ನಾಲ್ಕು ಗಂಟೆಯಲ್ಲಿ ನಾಲ್ಕು ಲಕ್ಷ ದಾಟಬಹುದು. ಈಗತಾನೇ ನೆಕ್ಕಿದ ಸಾರನ್ನು ಕುದಿಸಿದರೆ ನೂರೇ ಇದ್ದಾಗ ಕೊಂದಂತಾಯಿತು. ಮಧ್ಯಾಹ್ನ ನೆಕ್ಕಿದ್ದನ್ನು ರಾತ್ರಿ ಕುದಿಸಿದರೆ ಬ್ಯಾಕ್ಟೀರಿಯ ಸಾಯುತ್ತವೆ, ಆದರೆ ಅಷ್ಟರಲ್ಲಿ ಸ್ಟೆಫೈಲೊಕಾಕಸ್‌ನಂಥವು ವಿಷವನ್ನು ಸುರಿದಿರಬಹುದು. ಆ ವಿಷ ಕುದಿಗೆ ಜಗ್ಗುವುದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸುವ ವಿಷವೂ ಹಾಗೆಯೇ, ಅದಕ್ಕೆ ಬೆಕ್ಕು ಬರಬೇಕೆಂದೂ ಇಲ್ಲ. ಹೊರಗಿಟ್ಟ ಅನ್ನ ಸಾಕು.

ಇದನ್ನು ಅಡುಗೆಮನೆಗೆ ತಂದರೆ ಹೀಗಾಗುತ್ತದೆ. ಹಾಲು, ಸಾರು, ಹುಳಿಯಂಥ ತೆಳು ಪದಾರ್ಥದಲ್ಲಿ ‘ನೆಕ್ಕಿದ ಜಾಗ’ ಎನ್ನುವುದೇ ಇಲ್ಲ, ಇಡೀ ಪಾತ್ರೆಗೆ ಹರಡಿರುತ್ತದೆ. ಮೇಲಿನ ಕೆನೆ ತೆಗೆದೆಸೆದು ಸಮಾಧಾನಪಟ್ಟುಕೊಂಡರೆ ಪ್ರಯೋಜನವಿಲ್ಲ. ಮನೆಯದೇ ಆರೋಗ್ಯವಂತ ಪ್ರಾಣಿ, ಕಣ್ಣೆದುರೇ ಬಾಯಿ ಹಾಕಿದ್ದು ಎಂದಾದರೆ ತಕ್ಷಣ ಬೇರೆ ಪಾತ್ರೆಗೆ ಸುರಿದು, ತಿರುವುತ್ತಾ ಒಂದೆರಡು ನಿಮಿಷ ಚೆನ್ನಾಗಿ ಕುದಿಸಿ ಬಳಸಬಹುದು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ನಡುನಡುವೆ ತಣ್ಣಗೇ ಉಳಿಯುತ್ತದೆ, ಅದು ಕುದಿಸಿದಂತಲ್ಲ. ಮುದ್ದೆ, ಚಪಾತಿ, ಇಡ್ಲಿಯಲ್ಲಿ ಮುಟ್ಟಿದ್ದನ್ನು ತೆಗೆದು ಉಳಿದದ್ದನ್ನು ಇಟ್ಟುಕೊಳ್ಳಬಹುದು. ಒಂದರ ಮೇಲೊಂದು ಒತ್ತಿಕೊಂಡಿದ್ದರೆ ಪಕ್ಕದ್ದನ್ನೂ ಬಿಡಿ. ಮೊಸರಿನ ಹುಳಿ ಬ್ಯಾಕ್ಟೀರಿಯದ ಬೆಳವಣಿಗೆಯನ್ನು ನಿಧಾನಿಸುತ್ತದೆ, ಕೊಲ್ಲುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಕುದಿಸಲೂ ಆಗದ ಕಾರಣ ಅದನ್ನು ಚೆಲ್ಲುವುದೇ ಸರಿ. ಅದರಲ್ಲಿ ಹೆಪ್ಪು ಉಳಿಸಿಕೊಳ್ಳುವುದಂತೂ ಬೇಡ, ನಾಳೆಯ ಮೊಸರಿಗೂ ಅದೇ ಸಾಗುತ್ತದೆ. ಕೋಸಂಬರಿ, ಹಣ್ಣಿನ ಹೋಳುಗಳಿಗೂ ಇದೇ ಮಾತು.

ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, 65 ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಕಸಿ ಮಾಡಿಸಿಕೊಂಡವರು, ಗುಲ್ಮ ತೆಗೆಸಿಕೊಂಡವರು ಮನೆಯಲ್ಲಿದ್ದರೆ ಅವರ ಪಾಲಿಗೆ ಈ ರಿಯಾಯಿತಿ ಯಾವುದೂ ಇಲ್ಲ. ಅವರಿಗೆ ಹೊಸದಾಗಿ ಮಾಡಿ ಬಡಿಸಿ.

ರೇಬೀಸ್ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಆ ವೈರಸ್ ಜೊಲ್ಲಿನಲ್ಲೇ ಇರುತ್ತದೆ. ಹುಚ್ಚಿನ ಲಕ್ಷಣ ಕಾಣುವುದಕ್ಕೆ ಕೆಲವು ದಿನ ಮೊದಲೇ ಇರಬಲ್ಲದು, ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಡಲು ಹೇಳುವುದು ಇದಕ್ಕೇ. ಬಿಸಿಲು, ಒಣಗುವಿಕೆ, ಸಾಬೂನು, ಕುದಿತಕ್ಕೆ ಅದು ಬೇಗ ನಾಶವಾಗುತ್ತದೆ. ಬೇಯಿಸಿದ ಆಹಾರದಿಂದ ಭಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ ಲಸಿಕೆ ಬೇಡ. ಗಾಯದ ಮೇಲೆ, ಬಾಯಿ ಕಣ್ಣುಗಳ ಒಳಪೊರೆಯ ಮೇಲೆ ಜೊಲ್ಲು ಬಿದ್ದರೆ ಅದು ಅತಿ ಗಂಭೀರವಾದ ಮೂರನೆಯ ವರ್ಗ. ಹಾಗಾಗಿ ಲಸಿಕೆ ಆಗದ, ಬೀದಿ ಸುತ್ತುವ, ಸ್ವಭಾವ ಬದಲಾದ, ನೀರು ನುಂಗಲಾರದೆ ಜೊಲ್ಲು ಸುರಿಸುವ ಪ್ರಾಣಿ ಬಾಯಿ ಹಾಕಿದ್ದನ್ನು ಕುದಿಸುವ ಗೋಜಿಗೆ ಹೋಗಬೇಡಿ, ಚೆಲ್ಲಿ. ಗೊತ್ತಿಲ್ಲದೆ ಆಗಲೇ ತಿಂದಾಗಿದ್ದರೆ, ಅದರಲ್ಲೂ ಬಾಯಲ್ಲಿ ಹುಣ್ಣಿದ್ದರೆ, ಮನೆಯಲ್ಲೇ ತೀರ್ಮಾನ ಮಾಡದೆ ಅಂದೇ ವೈದ್ಯರಿಗೆ ತಿಳಿಸಿ. ಮರಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದ ಪ್ರಕಾರ ಮರುಲಸಿಕೆ ತಪ್ಪಬಾರದು.

ತಟ್ಟೆಯನ್ನು ಏನು ಮಾಡುವುದು? ಸ್ಟೀಲಿನದ್ದಾದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಪೂರ್ತಿ ಒಣಗಿಸಿದರೆ ಸಾಕು. ಉಜ್ಜುವುದು ಮುಖ್ಯ, ಏಕೆಂದರೆ ಜಂತಿನ ಮೊಟ್ಟೆ ಸಾಬೂನಿಗೆ ಸಾಯುವುದಿಲ್ಲ, ಕಿತ್ತುಕೊಂಡು ಹೋಗುತ್ತದೆ ಅಷ್ಟೆ. ಅನುಮಾನವಿದ್ದರೆ ಕುದಿಯುವ ನೀರಲ್ಲಿ ಐದು ನಿಮಿಷ ಮುಳುಗಿಸಿಡಿ. ಗೀರು ಬಿದ್ದ ಪ್ಲಾಸ್ಟಿಕ್ ಬಟ್ಟಲು ನಾಯಿಗೂ ಒಳ್ಳೆಯದಲ್ಲ, ಗೀರಿನೊಳಗೆ ಲೋಳೆ ಕಟ್ಟುತ್ತದೆ. ನಾಯಿಯ ಬಟ್ಟಲು ಉಜ್ಜುವ ನಾರನ್ನು ಬೇರೆಯೇ ಇಡಿ. ಮನೆಯವರ ತಟ್ಟೆ ಉಜ್ಜುವುದೂ ಅದರಲ್ಲೇ ಎಂದಾದರೆ ನಾಯಿಗೆ ಪ್ರತ್ಯೇಕ ಬಟ್ಟಲು ಇಟ್ಟೂ ಏನು ಬಂತು?

ರಾತ್ರಿ ಮುಚ್ಚಿಟ್ಟ ಪಾತ್ರೆಯ ತಟ್ಟೆ ಬೆಳಿಗ್ಗೆ ಸರಿದಿದೆ, ಯಾರು ಬಾಯಿ ಹಾಕಿದ್ದೆಂದು ಗೊತ್ತಿಲ್ಲ ಎಂದರೆ ಬೆಕ್ಕಿನ ಮೇಲೆ ಹಾಕಬೇಡಿ. ಇಲಿಯೂ ಆಗಿರಬಹುದು. ಇಲಿ ಓಡಾಡಿದಲ್ಲೆಲ್ಲ ಮೂತ್ರ ಚಿಮುಕಿಸುತ್ತಾ ಹೋಗುತ್ತದೆ, ಇಲಿಜ್ವರದ ಲೆಪ್ಟೊಸ್ಪೈರ ಇರುವುದು ಅದರಲ್ಲಿ. ಯಾರ ನಾಲಿಗೆಯೋ ಗೊತ್ತಿಲ್ಲ, ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಆ ಹಾಲು ಒಲೆಗಲ್ಲ, ಬಚ್ಚಲಿಗೆ.