ಮೆದುಳಿನ ‘ಗಟ್ಟಿ ತಾಯಿ’ ಎಲ್ಲಿಂದ ಬಂದಳು?

ತಲೆಬುರುಡೆ ತೆರೆದ ಸರ್ಜನ್‌ಗೆ ಮೊದಲು ಸಿಗುವುದು ಮೆದುಳಿಗೆ ಹೊದಿಸಿದ ದಪ್ಪ ಪೊರೆ, ‘ಡ್ಯೂರಾ ಮೇಟರ್’. ಲ್ಯಾಟಿನ್‌ನಲ್ಲಿ ‘ಗಟ್ಟಿ ತಾಯಿ’ ಎಂದರ್ಥ. ಪೊರೆ ತಾಯಿ ಆಗಿದ್ದು ಹೇಗೆ? ಅದು ಅರಬ್ಬಿಯವರ ಮಾತಿನ ರೂಢಿ. ಮೆದುಳನ್ನು ಸುತ್ತಿ ಕಾಪಾಡುವ ಪೊರೆ ಅವರಿಗೆ ‘ಉಮ್ಮ್’, ಅಂದರೆ ಅಮ್ಮ. 10ನೇ ಶತಮಾನದ ಹಕೀಮ, ಅಂದರೆ ವೈದ್ಯ, ಅಲಿ ಇಬ್ನ್ ಅಬ್ಬಾಸ್ ಮಜೂಸಿಯ ಗ್ರಂಥವನ್ನು 1127ರಲ್ಲಿ ಆಂಟಿಯೋಕ್‌ನ ಸ್ಟೀಫನ್ ಲ್ಯಾಟಿನ್‌ಗೆ ತಂದಾಗ ಅಮ್ಮನೂ ಜೊತೆಗೇ ಹೋದಳು.

ಈ ಹಕೀಮರ ವೈದ್ಯಪದ್ಧತಿಯೇ ಯುನಾನಿ. ಮೆದುಳು, ಬೆನ್ನುಹುರಿಯ ಬಗ್ಗೆ ಅದರ ಕೊಡುಗೆ ಏನು ಅಂದರೆ ಎರಡು ಉತ್ತರ ಕೇಳಿಬರುತ್ತವೆ. ಎಲ್ಲವೂ ಹಕೀಮರದೇ ಅನ್ನುವುದು ಒಂದು. ಸುಮ್ನೆ ಗ್ರೀಕರ ನಕಲು ಅನ್ನುವುದು ಇನ್ನೊಂದು. ಎರಡೂ ಅವಸರದ ಮಾತು.

ಯುನಾನಿ ಅಂದರೇ ಗ್ರೀಕ್. ನಮ್ಮ ‘ಯವನ’ ಪದದ ದಾಯಾದಿ. ಬೇರು 2ನೇ ಶತಮಾನದ ಗ್ರೀಕ್ ವೈದ್ಯ ಗೇಲನ್‌ದು, ಹಕೀಮರ ಬಾಯಲ್ಲಿ ಜಾಲೀನೂಸ್. ಪ್ರಾಣಿಗಳ ಬೆನ್ನುಹುರಿಯನ್ನು ಒಂದೊಂದು ಮಟ್ಟದಲ್ಲಿ ಕತ್ತರಿಸಿ, ಎಲ್ಲಿ ಕತ್ತರಿಸಿದರೆ ಏನು ನಿಲ್ಲುತ್ತದೆ ಎಂದು ಆತ ನೋಡಿದ. ಕುತ್ತಿಗೆಯ ಮೇಲ್ಭಾಗದಲ್ಲಾದರೆ ಉಸಿರೇ ನಿಂತಿತು. ರಥದಿಂದ ಬಿದ್ದ ಒಬ್ಬನಿಗೆ ಕಿರುಬೆರಳು, ಉಂಗುರಬೆರಳು, ನಡುಬೆರಳಿನ ಅರ್ಧ ಜೋಮು ಹಿಡಿದಿತ್ತು. ಬೇರೆ ವೈದ್ಯರು ಬೆರಳಿಗೇ ಔಷಧಿ ಹಚ್ಚುತ್ತಿದ್ದರು. ಗೇಲನ್ ಅದನ್ನು ಬೆನ್ನುಮೂಳೆಗೆ ಹಚ್ಚಿಸಿದ. ನರ ಹೊರಡುವುದೇ ಅಲ್ಲಿಂದ, ಅಲ್ವಾ?

9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಮತ್ತು ಸಂಗಡಿಗರು ಇದನ್ನೆಲ್ಲ ಅರಬ್ಬಿಗೆ ಇಳಿಸಿದರು. ಆಮೇಲೆ ಹಕೀಮ ಅಲ್-ರಾಝಿ 7 ಜೊತೆ ಮೆದುಳಿನ ನರ, 31 ಜೊತೆ ಬೆನ್ನುಹುರಿಯ ನರ ಎಂದು ಲೆಕ್ಕ ಬರೆದ. ಈಗ ಮೊದಲನೆಯದು 12 ಆಗಿದೆ. 31 ಮಾತ್ರ ಹಾಗೇ ಇದೆ. ಇನ್ನೊಬ್ಬ ಹಕೀಮ ಇಬ್ನ್ ಸಿನಾ 11ನೇ ಶತಮಾನದಲ್ಲಿ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಟ್ಟ.

ಒಪ್ಪ ಜಾಸ್ತಿ ಆಗಿದ್ದೇ ತೊಂದರೆಯಾಯಿತೇನೋ. ಮೆದುಳಿನ ಬುಡದಲ್ಲಿ ರಕ್ತನಾಳಗಳ ಒಂದು ಬಲೆ ಇದೆ ಎಂದು ಗೇಲನ್ ಬರೆದಿದ್ದ. ದನ, ಕುರಿಗಳಲ್ಲಿ ಅದು ನಿಜ. ಮನುಷ್ಯರಲ್ಲಿ ಇಲ್ಲ. ಆದರೂ ಆ ಬಲೆ ಪುಸ್ತಕದಿಂದ ಪುಸ್ತಕಕ್ಕೆ ಹೋಯಿತು. ಯುರೋಪಿನಲ್ಲೂ ಅದೇ ಕತೆ, 16ನೇ ಶತಮಾನದವರೆಗೆ.

ಕಣ್ಣಾರೆ ನೋಡಿದವರೂ ಇದ್ದರು. 1200ರ ಸುಮಾರಿಗೆ ಈಜಿಪ್ಟ್‌ನಲ್ಲಿ ಭೀಕರ ಬರ. ವೈದ್ಯ ಅಬ್ದುಲ್ ಲತೀಫ್ ಬಾಗ್ದಾದಿ ಅಲ್ಲಿ ರಾಶಿ ಬಿದ್ದ ಎಲುಬುಗಳನ್ನು ಎತ್ತಿ ಎತ್ತಿ ನೋಡಿದ. ಕೆಳದವಡೆ ಗೇಲನ್ ಬರೆದಂತೆ ಎರಡು ಮೂಳೆಯಲ್ಲ, ಒಂದೇ. ಗೇಲನ್ ಎಷ್ಟೇ ದೊಡ್ಡವನಾದರೂ ಕಣ್ಣೇ ಹೆಚ್ಚು ನಂಬಿಕೆಯ ಸಾಕ್ಷಿ ಎಂಬರ್ಥದಲ್ಲಿ ಬರೆದಿಟ್ಟ.

ಅಂಗರಚನೆಗೆ ಹಕೀಮರ ಪದ ‘ತಶ್ರೀಹ್’, ಅಂದರೆ ಸೀಳಿ ತೋರಿಸುವುದು. ‘ಶರಹ್’ ಎಂದರೆ ವ್ಯಾಖ್ಯಾನ. ಎರಡಕ್ಕೂ ಧಾತು ಒಂದೇ. ಶತಮಾನಗಟ್ಟಲೆ ಶರಹ್ ರಾಶಿಯಾಯಿತು, ತಶ್ರೀಹ್ ಕಮ್ಮಿಯಾಯಿತು. ಇವತ್ತು ಬೆಂಗಳೂರಿನ ಯುನಾನಿ ಕಾಲೇಜಿನಲ್ಲೂ ಅಂಗರಚನೆಯ ಪಾಠಕ್ಕೆ ‘ತಶ್ರೀಹ್-ಉಲ್-ಬದನ್’ ಎಂದೇ ಹೆಸರು. ಅಲ್ಲಿ ಮೆದುಳಿನ ನರಗಳನ್ನು ಎಣಿಸುವುದು ಹನ್ನೆರಡರವರೆಗೆ.