ಔಟ್‌ಪುಟ್ ಬಂತ್ರಿ, ಸೈನ್ ಮಾಡ್ರಿ ಮೇಡಂ

"ಮೇಡಂ, ಔಟ್‌ಪುಟ್ ಬಂತ್ರಿ. ಸೈನ್ ಮಾಡ್ರಿ."

ಬಳ್ಳಾರಿಯಲ್ಲಿ ಒಂಬತ್ತು ವರ್ಷದಿಂದ ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಸಿರುಗುಪ್ಪದ ಹುಡುಗ ಹೇಳುತ್ತಾನೆ, ಸಂಡೂರಿನ ಹುಡುಗಿ ಹೇಳುತ್ತಾಳೆ, ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳೂ ಹೇಳುತ್ತಾರೆ. ಹೇಳುವಾಗ ರೆಕಾರ್ಡ್ ಪುಸ್ತಕ ನನ್ನ ಮುಂದೆ ಬಿಚ್ಚಿರುತ್ತದೆ. ಪೆನ್ನಿನ ಮುಚ್ಚಳವನ್ನೂ ಅವರೇ ತೆಗೆದು ಹಿಡಿದಿರುತ್ತಾರೆ.

ಔಟ್‌ಪುಟ್ ಬಂತು ಅಂದರೆ ಏನು? ಬರೆದ ಪ್ರೋಗ್ರಾಂ ಓಡಿಸಿದಾಗ ಪರದೆ ಮೇಲೆ ಒಂದು ಅಂಕಿ ಬಂತು, ಅಷ್ಟೇ. ಆ ಅಂಕಿ ಸರಿಯೋ ತಪ್ಪೋ? ಅದು ಬೇರೆ ಪ್ರಶ್ನೆ. ಆ ಪ್ರಶ್ನೆಯನ್ನು ಹತ್ತರಲ್ಲಿ ಒಬ್ಬರೂ ಕೇಳಿಕೊಳ್ಳುವುದಿಲ್ಲ. ಲೂಪ್ ಎಂದರೇನು, ಅರೇ ಎಂದರೇನು ಅಂತ ನಾನಿಲ್ಲಿ ಹೇಳಲು ಹೋಗುವುದಿಲ್ಲ. ಅದೆಲ್ಲ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನನ್ನ ಸಂಕಟ ಈ ಒಂದು ವಿಷಯದ್ದು.

ಒಂದು ಏಪ್ರಿಲ್ ಮಧ್ಯಾಹ್ನ. ಬಳ್ಳಾರಿಯ ಏಪ್ರಿಲ್ ಗೊತ್ತಲ್ಲ, ಫ್ಯಾನ್ ಕೆಳಗೆ ಕೂತರೂ ಬಿಸಿಗಾಳಿಯೇ. ಲ್ಯಾಬ್‌ನಲ್ಲಿ ಇನ್ನೂ ಸಿ ಭಾಷೆಯ ಪ್ರೋಗ್ರಾಂ ಓಡಿಸುವ ಹಳೇ ಟರ್ಬೋ ಸಿ, ಆ ನೀಲಿ ಪರದೆ. ಫ್ಯಾಕ್ಟೋರಿಯಲ್, ಅಂದರೆ 1ರಿಂದ ಕೊಟ್ಟ ಸಂಖ್ಯೆಯ ತನಕ ಎಲ್ಲವನ್ನೂ ಗುಣಿಸುವ ಪ್ರೋಗ್ರಾಂ ಮಾಡುವ ದಿನ. ಎಲ್ಲರೂ 5 ಕೊಟ್ಟು 120 ತಂದು ಸೈನ್ ಹಾಕಿಸಿಕೊಂಡು ಹೋದರು. ಕೌಲ್ ಬಜಾರ್ ಕಡೆಯ ಒಬ್ಬ ಹುಡುಗಿ ಮಾತ್ರ ಬೇರೆಯವರಂತೆ ಇರಬಾರದು ಅಂತ 8 ಕೊಟ್ಟಿದ್ದಳು. ಅವಳ ರೆಕಾರ್ಡ್‌ನಲ್ಲಿ ಚಂದದ ಅಕ್ಷರದಲ್ಲಿ, ಸ್ಕೇಲ್ ಇಟ್ಟು ಕೆಳಗೆ ಗೆರೆ ಎಳೆದು ಬರೆದಿತ್ತು: ಉತ್ತರ ಮೈನಸ್ 25,216.

"ಒಂದರಿಂದ ಎಂಟರ ತನಕ ಗುಣಿಸಿದರೆ ಮೈನಸ್ ಹೆಂಗ ಬರ್ತದವ್ವ?" ಅಂದೆ.

"ಕಂಪ್ಯೂಟರ್ ಹಂಗ ಕೊಟ್ಟೈತ್ರಿ ಮೇಡಂ."

ಹುಡುಗಿ ಜಾಣೆ. ಕೈಯಲ್ಲಿ ಗುಣಿಸು ಅಂದರೆ ಒಂದು ನಿಮಿಷದಲ್ಲಿ 40,320 ತೆಗೆಯುತ್ತಾಳೆ, ಆಗ ತೆಗೆದೂ ತೋರಿಸಿದಳು. ಆದರೂ ಪರದೆಯ ಮೇಲೆ ಬಂದದ್ದು ತಪ್ಪು ಅನ್ನಲು ಅವಳಿಗೆ ಧೈರ್ಯ ಬರಲಿಲ್ಲ. ಕಂಪ್ಯೂಟರ್ ಹೇಳಿದ ಮೇಲೆ ಮುಗೀತು ಅನ್ನುವ ನಂಬಿಕೆ.

ಕಾರಣ ಕಷ್ಟದ್ದೇನಲ್ಲ. ಆ ಟರ್ಬೋ ಸಿಯಲ್ಲಿ ಪೂರ್ಣ ಸಂಖ್ಯೆ ಇಡುವ ಇಂಟ್ ಅನ್ನುವ ಡಬ್ಬಿಗೆ 16 ಬಿಟ್, ಅಂದರೆ 0 ಅಥವಾ 1 ಹಿಡಿಯುವ 16 ಮನೆಗಳಷ್ಟು ಜಾಗ. ಅದರಲ್ಲಿ ಒಟ್ಟು 65,536 ಬೇರೆ ಬೇರೆ ಅಂಕಿಗಳಿಗೆ ಮಾತ್ರ ಅವಕಾಶ. ಅರ್ಧ ಮೈನಸ್ ಕಡೆಗೆ ಹೋಗುತ್ತವೆ. ಹಾಗಾಗಿ ಮೇಲಿನ ಮಿತಿ 32,767. ಗಡಿಯಾರದ ಮುಳ್ಳು 12 ದಾಟಿದರೆ 13ಕ್ಕೆ ಹೋಗುವುದಿಲ್ಲ, ತಿರುಗಿ 1ಕ್ಕೆ ಬರುತ್ತದೆ ಅಲ್ವಾ? ಇಲ್ಲೂ 32,767 ದಾಟಿದರೆ ಮೈನಸ್ 32,768ಕ್ಕೆ ಬಂದು ಬೀಳುತ್ತದೆ. 7ರ ಫ್ಯಾಕ್ಟೋರಿಯಲ್ 5,040, ಡಬ್ಬಿಯಲ್ಲಿ ಹಿಡಿಸುತ್ತದೆ. 8ರದ್ದು 40,320, ಹಿಡಿಸುವುದಿಲ್ಲ. 40,320ರಲ್ಲಿ 65,536 ಕಳೆಯಿರಿ, ಅದೇ ಮೈನಸ್ 25,216.

ಇದನ್ನು ಕೇಳಿದ ತಕ್ಷಣ ಕೆಲವರು, "ಮೇಡಂ, ಅದು ಹಳೇ ಕಾಲದ್ದು, ಈಗ ಹೊಸ ಕಂಪೈಲರ್ ಬಂದಾವ" ಅನ್ನುತ್ತಾರೆ. ಕಂಪೈಲರ್ ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್. ಹೊಸವು ಬಂದಿವೆ, ನಿಜ. ಈಗಿನ ಜಿಸಿಸಿ ಅನ್ನುವ ಕಂಪೈಲರ್‌ನಲ್ಲಿ ಇಂಟ್‌ಗೆ ಸಾಮಾನ್ಯವಾಗಿ 32 ಬಿಟ್. ಮಿತಿ 2,14,74,83,647. ಅಲ್ಲಿ 12ರ ತನಕ ಸರಿ ಬರುತ್ತದೆ. 13 ಕೊಟ್ಟು ನೋಡಿ. ನಾನು ನೋಡಿದ ಯಂತ್ರಗಳಲ್ಲೆಲ್ಲ 1,93,20,53,504 ಅಂತ ಬಂದಿದೆ. ಸರಿಯಾದ ಉತ್ತರ 6,22,70,20,800. ಈ ಸಲ ಮೈನಸ್ ಗುರುತೂ ಇಲ್ಲ. ದೊಡ್ಡ ಅಂಕಿ, ನೋಡಿದರೆ ಸರಿ ಇದ್ದ ಹಾಗೇ ಕಾಣುತ್ತದೆ. ನನಗೆ ಮೈನಸ್‌ಗಿಂತ ಇದರ ಭಯವೇ ಜಾಸ್ತಿ.

ಇದನ್ನು ಹಿಡಿಯಲು ಕ್ಯಾಲ್ಕುಲೇಟರ್ ಕೂಡ ಬೇಡ. 1ರಿಂದ 13ರ ತನಕ ಗುಣಿಸುವಾಗ ಮಧ್ಯದಲ್ಲಿ 10 ಬರುತ್ತದೆ. 10ರಿಂದ ಗುಣಿಸಿದ ಸಂಖ್ಯೆಯ ಕೊನೆಗೆ ಸೊನ್ನೆ ಇರಲೇಬೇಕು. ಪರದೆಯ ಅಂಕಿ 4ರಲ್ಲಿ ಮುಗಿದಿದೆ. ಅಲ್ಲಿಗೆ ತಪ್ಪು ಅಂತ ಗೊತ್ತಾಯಿತು. ನಾಲ್ಕನೇ ಕ್ಲಾಸಿನ ಲೆಕ್ಕ ಇದು. ಪದವಿ ಓದುವ ಮಕ್ಕಳಿಗೆ ಬರದೇ ಇರುವಂಥದ್ದಲ್ಲ. ಅದನ್ನು ಇಲ್ಲಿ ಬಳಸಬಹುದು ಅಂತ ಅವರಿಗೆ ಯಾರೂ ಹೇಳಿಲ್ಲ.

ಪೈಥಾನ್ ಅನ್ನುವ ಇನ್ನೊಂದು ಪ್ರೋಗ್ರಾಂ ಭಾಷೆಯಲ್ಲಿ ಪೂರ್ಣಾಂಕಕ್ಕೆ ಈ ಮಿತಿ ಇಲ್ಲ, 13 ಕೊಟ್ಟರೂ 30 ಕೊಟ್ಟರೂ ಸರಿ ಉತ್ತರವೇ. ಹಾಗಂತ ಅಲ್ಲಿ ಕಣ್ಣು ಮುಚ್ಚಿ ಕೂರುವಂತಿಲ್ಲ. ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬರೆದು, 2 ಮತ್ತು 3 ಕೊಟ್ಟು, 23 ಅಂತ ಔಟ್‌ಪುಟ್ ತಂದು ಸೈನ್ ಕೇಳಿದವರಿದ್ದಾರೆ. ಕೀಬೋರ್ಡಿನಿಂದ ಬಂದದ್ದನ್ನು ಪೈಥಾನ್ ಅಕ್ಷರ ಅಂತಲೇ ಹಿಡಿಯುತ್ತದೆ. ಸಂಖ್ಯೆಯಾಗಿ ಬದಲಿಸದಿದ್ದರೆ ಎರಡನ್ನೂ ಪಕ್ಕಪಕ್ಕ ಜೋಡಿಸಿಬಿಡುತ್ತದೆ. ಸಂತೆಯಲ್ಲಿ ಎರಡು ರೂಪಾಯಿಗೆ ಮೂರು ರೂಪಾಯಿ ಕೂಡಿಸಿ ಯಾರಾದರೂ 23 ಕೇಳಿದರೆ ಇದೇ ಮಕ್ಕಳು ಜಗಳಕ್ಕೆ ನಿಲ್ಲುತ್ತಾರೆ. ಲ್ಯಾಬ್‌ನಲ್ಲಿ ಸುಮ್ನೆ ಬರೆದುಕೊಳ್ಳುತ್ತಾರೆ.

ಕಾಲೇಜಿನ ಲ್ಯಾಬ್‌ನ ತಪ್ಪಿನಿಂದ ಏನು ಮುಳುಗಿಹೋಗುತ್ತದೆ ಅಂತ ಕೇಳುವವರಿಗೆ ನಾನು ಏರಿಯಾನ್ 5 ರಾಕೆಟ್ಟಿನ ಕಥೆ ಹೇಳುತ್ತೇನೆ. 1996ರ ಜೂನ್ 4, ಯುರೋಪಿನವರ ಹೊಸ ರಾಕೆಟ್, ಮೊದಲ ಹಾರಾಟ. ಎಂಜಿನ್ ಹೊತ್ತಿ ಒಂದು ನಿಮಿಷವೂ ಆಗಿರಲಿಲ್ಲ, ದಾರಿ ತಪ್ಪಿ ಆಕಾಶದಲ್ಲೇ ಚೂರುಚೂರಾಯಿತು. ಹಿಂದಿನ ಏರಿಯಾನ್ 4ರ ಸಾಫ್ಟ್‌ವೇರ್ ತುಣುಕನ್ನು ಹಾಗೇ ತಂದು ಬಳಸಿದ್ದರು. ಹೊಸ ರಾಕೆಟ್ಟಿನ ವೇಗ ಜಾಸ್ತಿ. ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್‌ನ ಡಬ್ಬಿಗೆ ಹಾಕಲು ಹೋಗಿ ಅದು ಹಿಡಿಸಲಿಲ್ಲ. ನಮ್ಮ ನೀಲಿ ಪರದೆಯ ಅದೇ 32,767. ಹಳೇ ರಾಕೆಟ್ಟಿನಲ್ಲಿ ಆ ತುಣುಕು ಚೆನ್ನಾಗಿಯೇ ಕೆಲಸ ಮಾಡಿತ್ತು. ಅಂದರೆ ಅವರಿಗೂ ಔಟ್‌ಪುಟ್ ಬಂದಿತ್ತು.

ಮತ್ತೆ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನಗೆ ಪಾಠ ಕಲಿಸುವ ದಾರಿ ತೋರಿಸಿದ್ದು ಅವಳೇ. ಬಳ್ಳಾರಿ ಜೀನ್ಸ್ ಹೆಸರು ಕೇಳಿರುತ್ತೀರಿ. ಊರಲ್ಲಿ ಎಷ್ಟೋ ಮನೆಗಳು ಅದರ ಮೇಲೇ ನಿಂತಿವೆ. ಅವಳ ಅವ್ವ ಮನೆಯಲ್ಲಿ ಕೂತು ಹೊಲಿದ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದರು. ಒಂದು ಪೀಸಿಗೆ ಇಷ್ಟು ಅಂತ ಕೂಲಿ. ಫ್ಯಾಕ್ಟೋರಿಯಲ್ ಆಗಿ ಎರಡು ವಾರದ ಮೇಲೆ, ನಿಮಗೆ ಬೇಕಾದ ಒಂದು ಲೆಕ್ಕ ತಗೊಂಡು ಪ್ರೋಗ್ರಾಂ ಬರೆಯಿರಿ ಅಂದೆ. ಅವಳು ಅವ್ವನ ಕೂಲಿಯ ಲೆಕ್ಕ ತಗೊಂಡಳು. 240 ಪೀಸು, ಪೀಸಿಗೆ ಒಂದೂವರೆ ರೂಪಾಯಿ. ರನ್ ಮಾಡಿದಳು. ಪರದೆ ಮೇಲೆ 240 ಬಂತು.

ಈ ಸಲ ರೆಕಾರ್ಡ್ ಹಿಡಿದು ನನ್ನ ಹತ್ತಿರ ಬರಲಿಲ್ಲ. ಕೂತಲ್ಲಿಂದಲೇ ಕೂಗಿದಳು, "ಮೇಡಂ, ಇದು ತಪ್ಪೈತ್ರಿ! ನಮ್ಮವ್ವಗ 360 ಬರಬೇಕು."

ರೇಟನ್ನು ಇಂಟ್ ಡಬ್ಬಿಗೆ ಹಾಕಿದ್ದಳು. ಒಂದೂವರೆಯಲ್ಲಿ ಅರ್ಧ ಉದುರಿಹೋಗಿ ಒಂದೇ ಉಳಿದಿತ್ತು. ದಶಮಾಂಶವನ್ನೂ ಹಿಡಿಯುವ ಫ್ಲೋಟ್ ಡಬ್ಬಿಗೆ ಬದಲಾಯಿಸಿದ ಮೇಲೆ 360 ಬಂತು. ತಪ್ಪು ಯಾವ ಸಾಲಿನಲ್ಲಿದೆ ಅಂತ ನಾನು ತೋರಿಸಲಿಲ್ಲ, ಅವಳೇ ಹುಡುಕಿದಳು. 120 ರೂಪಾಯಿ ಕಡಿಮೆ ಬಂದಿದೆ ಅಂತ ಗೊತ್ತಾದ ಮೇಲೆ ಸುಮ್ಮನೆ ಕೂರಲು ಅವಳಿಗೆ ಆಗಲಿಲ್ಲ.

ಅದೇ ಹುಡುಗಿ, ಅದೇ ಕಂಪ್ಯೂಟರ್. ಅವತ್ತು ಒಪ್ಪಿಕೊಂಡವಳು ಇವತ್ತು ಯಾಕೆ ಒಪ್ಪಲಿಲ್ಲ? ರನ್ ಮಾಡುವ ಮೊದಲೇ ಉತ್ತರ ಅವಳ ತಲೆಯಲ್ಲಿತ್ತು. ಹೋಲಿಸಿ ನೋಡಲು ಒಂದು ಅಂಕಿ ಇತ್ತು. ಫ್ಯಾಕ್ಟೋರಿಯಲ್ ದಿನ ಅದು ಇರಲಿಲ್ಲ.

ಅವತ್ತಿನಿಂದ ನನ್ನ ಲ್ಯಾಬ್‌ನಲ್ಲಿ ಒಂದು ನಿಯಮ ಮಾಡಿದ್ದೇನೆ. ರನ್ ಮಾಡುವ ಮೊದಲು ಅಬ್ಸರ್ವೇಶನ್ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಉತ್ತರ ಬರೆಯಬೇಕು. ಯಾವ ಇನ್‌ಪುಟ್ ಕೊಡುತ್ತೀರಿ, ಏನು ಬರಬೇಕು. ಕೈಯಲ್ಲಿ ಮಾಡಬಹುದಾದ ಚಿಕ್ಕ ಲೆಕ್ಕ ಒಂದು, ಸೊನ್ನೆ ಒಂದು, ಸ್ವಲ್ಪ ದೊಡ್ಡದು ಒಂದು. ದೊಡ್ಡದಕ್ಕೆ ಪೂರ್ತಿ ಉತ್ತರ ಗೊತ್ತಿಲ್ಲದಿದ್ದರೆ ಕೊನೆಯ ಅಂಕಿ ಏನಿರಬೇಕು, ಎಷ್ಟಕ್ಕಿಂತ ಜಾಸ್ತಿ ಇರಬೇಕು ಅಂತಾದರೂ ಬರೆಯಿರಿ. ಆಮೇಲೆ ರನ್. ಪೆನ್ಸಿಲ್ಲಿನ ಸಾಲು ಇಲ್ಲದ ಪುಟಕ್ಕೆ ನಾನು ಸೈನ್ ಮಾಡುವುದಿಲ್ಲ.

ಮೊದಲ ವಾರ ಎಲ್ಲರಿಗೂ ಸಿಟ್ಟು ಬರುತ್ತದೆ. ಕೆಲವರು ಮೊದಲು ರನ್ ಮಾಡಿ, ಬಂದ ಉತ್ತರವನ್ನೇ ಪೆನ್ಸಿಲ್ಲಿನಲ್ಲಿ ಬರೆದು ತರುತ್ತಾರೆ. ನನಗೆ ಗೊತ್ತಾಗುತ್ತದೆ. ಆಗ ನಾನೇ ಒಂದು ಬೇರೆ ಇನ್‌ಪುಟ್ ಹೇಳಿ, ಮಾನಿಟರ್‌ಗೆ ಬೆನ್ನು ಮಾಡಿ ಕೂರಿಸಿ ಕೇಳುತ್ತೇನೆ.

ಬೋರ್ಡಿನ ಮೇಲಿನ ಪ್ರೋಗ್ರಾಂ ಬಾಯಿಪಾಠ ಮಾಡಿದವರಿಗೂ, ಫೋನಿನಲ್ಲಿ ಎಐ ಕೇಳಿ ತಂದವರಿಗೂ ಇದೇ ನಿಯಮ. ಫೋನಿನಿಂದ ತಂದರೆ ನನಗೇನೂ ಕೋಪವಿಲ್ಲ. ಆದರೆ ಬೇರೆಯವರು ಬರೆದುಕೊಟ್ಟ ಪ್ರೋಗ್ರಾಂ ಸರಿಯಿದೆಯೇ ಅಂತ ನೋಡುವ ಕೆಲಸ ಇನ್ನೂ ಜಾಸ್ತಿಯಾಯಿತು, ಕಡಿಮೆ ಆಗಲಿಲ್ಲ.

ಪೂರ್ತಿ ತಪ್ಪು ಮಕ್ಕಳದು ಅಂತ ನಾನು ಹೇಳುವುದಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಚೀಟಿ ಎತ್ತುತ್ತಾರೆ, ಲ್ಯಾಬ್ ಪಟ್ಟಿಯಲ್ಲಿರುವ ಹತ್ತು ಹನ್ನೆರಡು ಪ್ರೋಗ್ರಾಂಗಳಲ್ಲೇ ಒಂದು ಬರುತ್ತದೆ. ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕರು, ಬಂದು ನೋಡುವುದೂ ಔಟ್‌ಪುಟ್ ಬಂತೋ ಇಲ್ಲವೋ ಅಂತ. ಎಲ್ಲ ಕಡೆ ಹೀಗೇ ಅಂತ ನಾನು ಹೇಳಲಾರೆ, ನಾನು ಕೆಲಸ ಮಾಡಿದ ಲ್ಯಾಬ್‌ಗಳ ಮಾತಿದು.

ನಮ್ಮದೂ ಪಾಲಿದೆ. ನಲವತ್ತು ಜನ, ಎರಡು ಗಂಟೆ. ತಲೆಗೆ ಮೂರು ನಿಮಿಷ. ಆ ಎರಡು ಗಂಟೆಯ ಲ್ಯಾಬನ್ನು ನಮ್ಮ ಬಿಲ್ಲಿನಲ್ಲಿ ಥಿಯರಿಯ ಒಂದು ಗಂಟೆಗೆ ಸಮ ಹಿಡಿಯುತ್ತಿದ್ದರು. ರೆಕಾರ್ಡ್ ತಿದ್ದಿದ ಹೊತ್ತು ಬಿಲ್ಲಿನಲ್ಲಿ ಬರುವುದೇ ಇಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರಲ್ಲಿ ಅತಿಥಿ ಉಪನ್ಯಾಸಕರಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಅಂತ ಹೇಳಿತು. ನನ್ನ ಕೈಗೆ ಅಷ್ಟು ಯಾವತ್ತೂ ಬಂದಿಲ್ಲ, ಬಂದದ್ದೂ ತಿಂಗಳುಗಟ್ಟಲೆ ತಡವಾಗಿ ಬಂತು. ಸೆಮಿಸ್ಟರ್ ಮುಗಿದ ಮೇಲೆ ಮುಂದಿನ ಸಲ ಕರೆಯುತ್ತಾರೋ ಇಲ್ಲವೋ ಅನ್ನುವ ಚಿಂತೆ ಬೇರೆ. ಹೀಗಿರುವಾಗ ಬೇಗ ಬೇಗ ಸೈನ್ ಮಾಡಿ ಕಳಿಸುವ ಅತಿಥಿ ಉಪನ್ಯಾಸಕರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಮೊದಲ ಎರಡು ವರ್ಷ ನಾನೂ ಹಾಗೇ ಸೈನ್ ಮಾಡಿದ್ದೇನೆ, ಅದರ ಬೇಸರ ಇನ್ನೂ ಇದೆ. ಪೆನ್ಸಿಲ್ಲಿನ ನಿಯಮ ಬಂದ ಮೇಲೆ ನನಗೂ ಹೊತ್ತು ಉಳಿಯಿತು. ಮೂರು ನಿಮಿಷದಲ್ಲಿ ಪ್ರೋಗ್ರಾಂ ಪೂರ್ತಿ ಓದಲು ಆಗುವುದಿಲ್ಲ, ಪೆನ್ಸಿಲ್ಲಿನ ಮೂರು ಸಾಲು ಓದಬಹುದು.

ಹೋದ ಸೆಮಿಸ್ಟರಿನಲ್ಲಿ ಸಿರುಗುಪ್ಪ ಕಡೆಯ ಒಬ್ಬ ಹುಡುಗ ಲ್ಯಾಬ್ ಮುಗಿಯುವ ಹೊತ್ತಿಗೆ ಬಂದ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಜಾಸ್ತಿ ಮಾತಾಡದವನು. ಮತ್ತೆ ಅದೇ ಫ್ಯಾಕ್ಟೋರಿಯಲ್. ಕೈಯಲ್ಲಿ ಪೆನ್ಸಿಲ್ ಇತ್ತು, ಇನ್ನೂ ರನ್ ಮಾಡಿರಲಿಲ್ಲ.

"ಮೇಡಂ, ಮೈನಸ್ 3 ಕೊಟ್ರ ಏನು ಬರಬೇಕ್ರಿ?"

ಅವನ ಲೂಪ್, ಅಂದರೆ ಗುಣಿಸುವ ಸಾಲನ್ನು ಮತ್ತೆ ಮತ್ತೆ ಓಡಿಸುವ ಭಾಗ, 1ರಿಂದ ಶುರುವಾಗುತ್ತಿತ್ತು. ಮೈನಸ್ ಕೊಟ್ಟರೆ ಒಂದು ಸಲವೂ ತಿರುಗದೆ, ಮೊದಲು ಇಟ್ಟ 1 ಹಾಗೇ ಉತ್ತರವಾಗಿ ಹೊರಗೆ ಬರುತ್ತಿತ್ತು. ಮೈನಸ್ ಸಂಖ್ಯೆಗೆ ಫ್ಯಾಕ್ಟೋರಿಯಲ್ ಅನ್ನುವುದೇ ಇಲ್ಲ. ಇಬ್ಬರೂ ಕೂತು, ಕೊಟ್ಟದ್ದು ಮೈನಸ್ಸೇ ಅಂತ ಮೊದಲು ನೋಡುವ ಒಂದು ಇಫ್ ಸಾಲು ಸೇರಿಸಿದೆವು. ಇಪ್ಪತ್ತು ನಿಮಿಷ ಹಿಡಿಯಿತು. ಅಟೆಂಡರ್ ಬೀಗದ ಕೈ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಹುಡುಗ ಪೆನ್ಸಿಲ್ಲಿನಲ್ಲಿ "ಮೈನಸ್ ಸಂಖ್ಯೆಗೆ ಉತ್ತರ ಇಲ್ಲ ಅಂತ ಬರಬೇಕು" ಅಂತ ಬರೆದ. ಬರೆದವನು ಅನುಮಾನದಿಂದ ನನ್ನ ಮುಖ ನೋಡಿದ.

"ಕನ್ನಡದಾಗ ಬರದ್ರ ನಡೀತೈತೇನ್ರಿ?"

ನಡೀತೈತಿ ಅಂದೆ. ರನ್ ಮಾಡಿಸಿ, ನೋಡಿ, ಸೈನ್ ಮಾಡಿದೆ.