ಗೋಷ್ಠಿ ಗೆಲ್ಲುವುದು ಫೋನಿನಲ್ಲಿ

ಮಂಗಳೂರು, ಉಡುಪಿಯಲ್ಲಿ ವಿಚಾರಗೋಷ್ಠಿಗಳಿಗೆ ಬರಗಾಲ ಇಲ್ಲ. ವೇದಿಕೆಯಲ್ಲಿ ನಾಲ್ಕೈದು ತಜ್ಞರು, ನಡುವೆ ಒಬ್ಬ ಸಮನ್ವಯಕಾರ. ಆ ನಡುವಿನ ಕುರ್ಚಿಯೇ ನನ್ನ ಕೆಲಸ. ಗೋಷ್ಠಿ ಸಪ್ಪೆಯಾದಾಗ ಜನ ಮಾತಾಡಿದವರನ್ನು ದೂರುತ್ತಾರೆ. ನಾನು ಕಂಡಂತೆ ತಪ್ಪು ಅವರದ್ದಲ್ಲ. ಅವರು ವೇದಿಕೆ ಹತ್ತುವ ಮುಂಚೆ ಯಾರೂ ಅವರ ಜೊತೆ ಸರಿಯಾಗಿ ಮಾತಾಡಿರುವುದಿಲ್ಲ, ಅಷ್ಟೆ.

ಮೊದಲು ವಿಷಯ. ಆಹ್ವಾನ ಪತ್ರಿಕೆಯಲ್ಲಿ ‘ಕರಾವಳಿ ಮೀನುಗಾರಿಕೆ: ಸವಾಲುಗಳು ಮತ್ತು ಪರಿಹಾರಗಳು’ ಅಂತ ಇದ್ದರೆ ನನಗೆ ಅಲ್ಲೇ ಭಯ ಶುರು. ಇಂಥ ತಲೆಬರಹದ ಕೆಳಗೆ ಯಾರು ಏನು ಬೇಕಾದರೂ ಹೇಳಬಹುದು. ಹಾಗಾಗಿ ಎಲ್ಲರೂ ತಮ್ಮ ಹಳೆಯ ಭಾಷಣವನ್ನೇ ತರುತ್ತಾರೆ. ನಾನು ಸಂಘಟಕರ ಹತ್ತಿರ ಕೂತು ಅದನ್ನು ಒಂದು ಪ್ರಶ್ನೆಯಾಗಿ ಬದಲಾಯಿಸುತ್ತೇನೆ. ಉದಾಹರಣೆಗೆ, ‘61 ದಿನದ ಮಳೆಗಾಲದ ಮೀನುಗಾರಿಕೆ ನಿಷೇಧ ಬೂತಾಯಿಯನ್ನು (ಸಾರ್ಡೀನ್ ಮೀನನ್ನು) ಉಳಿಸಲು ಸಾಕಾ?’

ಈ ಪ್ರಶ್ನೆ ಎಷ್ಟು ಜನರನ್ನು ಮುಟ್ಟುತ್ತದೆ ನೋಡಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಗೆ ವಿನಾಯಿತಿ ಉಂಟು. ಬೂತಾಯಿ ಮೊಟ್ಟೆ ಇಡುವುದು ಹೆಚ್ಚಾಗಿ ಮಳೆಗಾಲದಲ್ಲೇ. ಪಕ್ಕದ ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯಬಾರದು ಅಂತ ನಿಯಮವೇ ಇದೆ. ಬೋಟ್ ಮಾಲೀಕ, ನಾಡದೋಣಿಯವರು, ವಿಜ್ಞಾನಿ, ಮಾರ್ಕೆಟ್ಟಿನಲ್ಲಿ ಮೀನು ಮಾರುವ ಅಕ್ಕ, ಈ ನಾಲ್ವರ ಉತ್ತರ ಒಂದೇ ಆಗಲು ಸಾಧ್ಯವೇ ಇಲ್ಲ. ಗೋಷ್ಠಿಗೆ ಬೇಕಾದದ್ದೂ ಅದೇ, ಪ್ರಾಮಾಣಿಕ ಭಿನ್ನಾಭಿಪ್ರಾಯ. ವಿಜ್ಞಾನಿಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1969ರಿಂದ ಮಂಗಳೂರಿನಲ್ಲೇ ಮೀನುಗಾರಿಕಾ ಕಾಲೇಜು ಇದೆ. ಕಷ್ಟವಾಗುವುದು ಮಲ್ಪೆ ಬಂದರಿನಿಂದ ಒಬ್ಬರನ್ನು ಒಪ್ಪಿಸುವುದು. ‘ನಮಗೆ ಭಾಷಣ ಎಲ್ಲ ಬರುವುದಿಲ್ಲ’ ಅನ್ನುತ್ತಾರೆ. ಭಾಷಣ ಬೇಡ ಅಂತ ಹೇಳಿ ಒಪ್ಪಿಸಬೇಕು.

ಇನ್ನು ಫೋನ್. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಪುರಸೊತ್ತಿನಲ್ಲಿ. ಇದನ್ನು ಬಿಟ್ಟರೆ ಉಳಿದ ಯಾವ ತಯಾರಿಯೂ ಪ್ರಯೋಜನಕ್ಕೆ ಬರುವುದಿಲ್ಲ ಅಂತಲೇ ನನ್ನ ಅಭಿಪ್ರಾಯ. ನಾನು ಮೂರು ವಿಷಯ ಕೇಳುತ್ತೇನೆ. ಈ ಬಗ್ಗೆ ಜನ ತಪ್ಪಾಗಿ ತಿಳಿದುಕೊಂಡಿರುವುದು ಏನು? ಉಳಿದವರು ಹೇಳುವುದರಲ್ಲಿ ನಿಮಗೆ ಯಾವುದು ಒಪ್ಪಿಗೆ ಇಲ್ಲ? ವೇದಿಕೆಯಲ್ಲಿ ಯಾವುದನ್ನು ಕೇಳಬಾರದು? ಆಮೇಲೆ ಸುಮ್ನೆ ಕೇಳಿಸಿಕೊಳ್ಳುವುದು. ಬೋಟ್ ಮಾಲೀಕರಾದರೆ ಮೊದಲು ಡೀಸೆಲ್ ಸಬ್ಸಿಡಿ ಮಾತು ಬಂದೇ ಬರುತ್ತದೆ. ಬರಲಿ. ಅದು ಮುಗಿದ ಮೇಲೆ ಮರಿ ಮೀನಿನ ವಿಷಯ ಎತ್ತಿದರೆ ಅವರ ಸ್ವರ ಏರುತ್ತದೆ.

‘ನೋಡಿ ಮಾರಾಯ್ರೆ, ಮರಿ ಹಿಡಿಯಬಾರದು ಅಂತ ನಮಗೂ ಗೊತ್ತುಂಟು. ಆದರೆ ಬಲೆ ಎಳೆದ ಮೇಲೆ ಅಲ್ವಾ ಒಳಗೆ ಎಂಥದು ಉಂಟು ಅಂತ ತಿಳಿಯುವುದು?’

ಈ ಮಾತು ಸಿಕ್ಕಿತು ಅಂದರೆ ಅರ್ಧ ಗೋಷ್ಠಿ ಕೈಗೆ ಬಂದ ಹಾಗೆ. ಸ್ವರ ಏರಿದ ಜಾಗವನ್ನು ಬರೆದಿಟ್ಟುಕೊಳ್ಳುತ್ತೇನೆ. ವೇದಿಕೆಯಲ್ಲಿ ಅವರು ಅದನ್ನೇ ಹೇಳುವಂತೆ ಮಾಡಿ, ನೇರ ವಿಜ್ಞಾನಿಯ ಕಡೆ ತಿರುಗಿ ‘ಸರ್, ಬಲೆ ಎಳೆಯುವ ಮುಂಚೆ ತಿಳಿಯುವ ದಾರಿ ಇದೆಯಾ?’ ಅಂತ ಕೇಳಿದರೆ ಸಾಕು. ಬಲೆಯ ಕಣ್ಣಿನ ಅಳತೆ, ಮರಿಗಳು ಸೇರುವ ಜಾಗ, ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆ, ಎಲ್ಲವೂ ತಾನಾಗಿ ಬರುತ್ತದೆ. ಪೂರ್ತಿ ಪ್ರಶ್ನೆಪಟ್ಟಿಯನ್ನು ಮಾತ್ರ ನಾನು ಮುಂಚೆ ಕೊಡುವುದಿಲ್ಲ. ಕೊಟ್ಟರೆ ಉತ್ತರ ಬರೆದುಕೊಂಡು ಬಂದು ಓದುತ್ತಾರೆ. ಮೊದಲ ಪ್ರಶ್ನೆ ಹೇಳಿರುತ್ತೇನೆ, ಎದೆ ಹೊಡೆದುಕೊಳ್ಳಬಾರದಲ್ಲ.

ಸಮನ್ವಯಕಾರ ಎಷ್ಟು ಮಾತಾಡಬೇಕು ಅಂತ ಹೊಸಬರು ಕೇಳುತ್ತಾರೆ. ನಮ್ಮ ಊರಿನವರಿಗೆ ಯಕ್ಷಗಾನದ ತಾಳಮದ್ದಳೆ ತೋರಿಸಿದರೆ ಸಾಕು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ವಾದವೇ ಎಲ್ಲ. ಆ ವಾದವನ್ನು ನಡೆಸುವವರು ಪದ್ಯ ಹಾಡುವ ಭಾಗವತರು. ಯಾವ ಪದ್ಯ, ಎಷ್ಟು ಹೊತ್ತು ಅನ್ನುವುದು ಅವರ ಕೈಯಲ್ಲಿ. ಪಾತ್ರವಾಗಿ ಕೂತು ಪದ್ಯಕ್ಕೆ ಅರ್ಥ ಹೇಳುವ ಅರ್ಥಧಾರಿಯ ಮಾತು ಉದ್ದವಾದರೆ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಆದರೆ ತಾವು ಅರ್ಥ ಹೇಳಲು ಕೂರುವುದಿಲ್ಲ. ನಮ್ಮ ಬಹಳಷ್ಟು ಸಮನ್ವಯಕಾರರು ಅರ್ಥ ಹೇಳಲು ಹೊರಡುತ್ತಾರೆ, ಗೋಷ್ಠಿ ಕೆಡುವುದು ಅಲ್ಲಿ.

ಮಾತು ತುಂಡರಿಸುವುದು ಅವಮಾನ ಅಲ್ಲ. ಆದರೆ ಫೋನಿನಲ್ಲೇ ಹೇಳಿಟ್ಟಿರಬೇಕು, ‘ಸಮಯ ಮೀರಿದರೆ ನಡುವೆ ಬಾಯಿ ಹಾಕುತ್ತೇನೆ, ಬೇಸರ ಮಾಡಬೇಡಿ’ ಅಂತ. ವೇದಿಕೆಯಲ್ಲಿ ಅವರು ಉಸಿರು ತೆಗೆದುಕೊಳ್ಳುವಾಗ ಅವರದ್ದೇ ಮಾತಿನ ತುದಿ ಹಿಡಿದು ಪಕ್ಕಕ್ಕೆ ದಾಟಿಸಬೇಕು. ‘ಸರ್ ಈಗ 10 ಸೆಂಟಿಮೀಟರ್ ಅಂದರು. ಅಕ್ಕ, ಅದಕ್ಕಿಂತ ಚಿಕ್ಕದು ನಿಮ್ಮ ಬುಟ್ಟಿಗೆ ಬರುತ್ತದಾ?’ ಮಾತು ಕಳೆದುಕೊಂಡವರಿಗೂ ತನ್ನ ಮಾತಿಗೆ ಬೆಲೆ ಸಿಕ್ಕಿತು ಅನಿಸುತ್ತದೆ.

ಆ ಅಕ್ಕ ತುಳುವಿನಲ್ಲಿ ಉತ್ತರ ಕೊಟ್ಟರೆ ಕೊಡಲಿ. ಕನ್ನಡದಲ್ಲೇ ಹೇಳಿ ಅಂತ ಒತ್ತಾಯ ಮಾಡಿದರೆ ಹತ್ತು ಮಾತಿನ ಜಾಗದಲ್ಲಿ ಎರಡು ಮಾತು ಬರುತ್ತದೆ. ತುಳು, ಕೊಂಕಣಿ, ಬ್ಯಾರಿ, ಯಾವುದಾದರೂ ಸರಿ, ಸಾರಾಂಶವನ್ನು ಕನ್ನಡದಲ್ಲಿ ಎರಡು ವಾಕ್ಯದಲ್ಲಿ ಹೇಳುವುದು ನನ್ನ ಜವಾಬ್ದಾರಿ. ಬರದ ಭಾಷೆಯಾದರೆ ಬಲ್ಲವರೊಬ್ಬರನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಳ್ಳುತ್ತೇನೆ.

ಸಮಯದ ಲೆಕ್ಕ ಕಾಗದದ ಮೇಲೆ ಹಾಕಿ ಸಂಘಟಕರಿಗೆ ತೋರಿಸಿ. 60 ನಿಮಿಷದಲ್ಲಿ 20 ಸಭಿಕರಿಗೆ. ನಾಲ್ವರು ತಲಾ 3 ನಿಮಿಷ ಆರಂಭದ ಮಾತು ಆಡಿದರೆ 12 ಹೋಯಿತು. ಉಳಿಯುವುದು 28, ಅಂದರೆ ಒಬ್ಬರಿಗೆ 7, ನನ್ನ ಪ್ರಶ್ನೆಗಳೂ ಸೇರಿ. ಆರು ಮಂದಿಯನ್ನು ಕೂರಿಸಿದರೆ ಒಬ್ಬರಿಗೆ 4 ನಿಮಿಷವೂ ಇಲ್ಲ. ಇನ್ನು ಪ್ರಾರ್ಥನೆ, ಸ್ವಾಗತ, ದೀಪ, ಪರಿಚಯ, ಶಾಲು, ಸ್ಮರಣಿಕೆ. ನಮ್ಮಲ್ಲಿ ಇವನ್ನು ಬಿಡಲು ಆಗುವುದಿಲ್ಲ, ಬಿಡಬೇಕು ಅಂತಲೂ ನಾನು ಹೇಳುವುದಿಲ್ಲ. ಗೋಷ್ಠಿಯ 60 ನಿಮಿಷದ ಹೊರಗೆ ಇಡಿ. ಪರಿಚಯ ಒಬ್ಬರಿಗೆ ಒಂದೇ ವಾಕ್ಯ, ಶಾಲು ಕೊನೆಗೆ. ಮೈಕ್ ಪ್ರತಿಯೊಬ್ಬರಿಗೂ ಒಂದೊಂದು ಇರಲಿ.

ಸಭಿಕರ ಪ್ರಶ್ನೆಯಲ್ಲಿ ಎಚ್ಚರ ಜಾಸ್ತಿ ಬೇಕು. ಪ್ರಶ್ನೆ ಅಂತ ಎದ್ದು ಭಾಷಣ ಮಾಡುವವರು ಎಲ್ಲ ಸಭೆಯಲ್ಲೂ ಇರುತ್ತಾರೆ. ಮೈಕನ್ನು ಅವರ ಕೈಗೆ ಕೊಡದೆ ಸ್ವಯಂಸೇವಕರೇ ಹಿಡಿದು ನಿಲ್ಲಲಿ. ಮೊದಲ ಪ್ರಶ್ನೆಯನ್ನು ಹಿಂದಿನ ಸಾಲಿನಿಂದ ತೆಗೆದುಕೊಳ್ಳಿ, ಮುಂದಿನ ಸಾಲಿನ ಗಣ್ಯರಿಂದ ಬೇಡ. ಹಿಂದೆ ಕೂತ ವಿದ್ಯಾರ್ಥಿಗಳಿಗೆ ಆಗ ಧೈರ್ಯ ಬರುತ್ತದೆ. ಏಳಲು ಸಂಕೋಚ ಇದ್ದವರಿಗೆ ಬಾಗಿಲಲ್ಲೇ ಚೀಟಿ, ಪೆನ್ನು ಕೊಟ್ಟಿರಿ.

ಕೊನೆಯ 4 ನಿಮಿಷ ಸಮಾರೋಪದ ಮಾತಿಗೆ ನಾನು ಕೊಡುವುದಿಲ್ಲ. ನಾಲ್ವರಿಗೂ ಒಂದೇ ಪ್ರಶ್ನೆ: ಇವತ್ತು ಪಕ್ಕದವರು ಹೇಳಿದ್ದರಲ್ಲಿ ನಿಮಗೆ ಹೊಸದು ಯಾವುದು? ಮೊದಲು ವಿಜ್ಞಾನಿಗೆ, ಕೊನೆಗೆ ಬೋಟ್ ಮಾಲೀಕರಿಗೆ.